ಎರಡು ಸ್ಪೀಕರು, ಒಂದು ಮಂಚ

ಮಾರ್ಚ್ 3, ಸೋಮವಾರ. ಬೆಳಗ್ಗೆ 7

ಮತ್ತೆ ಟೇಪು ಹಿಡಿದೆ. ಎಡ ಸ್ಪೀಕರಿನಿಂದ ಬಲಕ್ಕೆ ಐದು ಅಡಿ. ಎರಡರಿಂದಲೂ ಕುರ್ಚಿಗೆ ಐದು ಅಡಿ. ಸಣ್ಣ ಕೋನ್ ಕಿವಿಯ ಮಟ್ಟಕ್ಕೆ, ಮೂತಿ ಒಳಕ್ಕೆ, ಕುರ್ಚಿಯ ಕಡೆಗೆ. ನೆಲದ ಮೇಲೆ ಬಿಳಿ ಪಟ್ಟಿಯ ಗುರುತು. ನಿನ್ನೆಯ ಗುರುತು ಕಿತ್ತು ಹಾಕಿದೆ.

ಕೋಣೆ ಉದ್ದಕ್ಕೆ ಹದಿನಾಲ್ಕು ಅಡಿ. ಹಿಂದಿನ ಗೋಡೆಗೆ ತಲೆಯಿಟ್ಟು ಅಕ್ಕನ ಮಂಚ. ಅವಳ ಕಾಲು ಮುರಿದು ಮೂರು ವಾರ. ಪ್ಲಾಸ್ಟರು ಬಿಚ್ಚಲು ಇನ್ನೂ ಮೂರು. ನನ್ನ ಕುರ್ಚಿ ಸರಿಯಾಗಿ ನಡುವೆ, ಏಳು ಅಡಿಗೆ. ನೋಡಲು ಅಂದವಾಗಿದೆ.

ಡಬಲ್ ಬೇಸ್ ನುಡಿಸುವ ಬೇಸಿನವರ ಒಂಬತ್ತು ಹಾಡು. ಸ್ಟುಡಿಯೊ ಕೆಲಸ ಬಿಟ್ಟ ಮೇಲೆ ಸ್ವಂತವಾಗಿ ಸಿಕ್ಕ ಮೊದಲ ಮಿಕ್ಸಿಂಗ್, ದನಿಗಳ ಮಟ್ಟ ಹೊಂದಿಸಿ ಬೆರೆಸುವ ಕೆಲಸ. ಅವರದು ಆಳೆತ್ತರದ ವಾದ್ಯ, ನಿಂತೇ ನುಡಿಸಬೇಕು. ಅದರ ದಪ್ಪ ತಂತಿಯ ಸದ್ದನ್ನು ಎಷ್ಟು ಏರಿಸಿದರೂ ನನಗೆ ಸಾಲುತ್ತಿಲ್ಲ.

"ಸಾಕು ಕಣೇ," ಎಂದಳು ಅಕ್ಕ. "ನೀರಿನ ಟ್ಯಾಂಕಿನೊಳಗೆ ಮಲಗಿದ ಹಾಗಿದೆ."

"ಮಲಗಿ ಮಲಗಿ ಬೇಜಾರು ನಿನಗೆ."

"ಬೇಜಾರು ಬೇರೆ. ಇದು ಬೇರೆ."

ಇನ್ನೊಂದು ಚೂರು ಏರಿಸಿದೆ.

ಮಾರ್ಚ್ 5

ಒಂಬತ್ತನ್ನೂ ಕಳಿಸಿದೆ. ಅನುವಾದದ ಕಾದಂಬರಿ ಹಿಡಿದು ಕೂತೆ. ಹನ್ನೊಂದನೇ ಪುಟ, ಮೂರು ಸಲ. ಫೋನು ಮಗುಚಿಟ್ಟೆ. ಮತ್ತೆ ನೆಟ್ಟಗಿಟ್ಟೆ.

ಮಾರ್ಚ್ 8. ರಾತ್ರಿ

ಉತ್ತರ ಬಂತು. "ಮೂರನೇ ಹಾಡಿನಲ್ಲಿ ನನ್ನ ವಾದ್ಯ ಉಳಿದವರನ್ನೆಲ್ಲ ನುಂಗಿದೆ. ಕಾರಿನಲ್ಲಿ ಕೇಳಿದೆ, ಮಗಳ ಮನೆಯಲ್ಲಿ ಕೇಳಿದೆ. ಎಲ್ಲ ಕಡೆ ಹಾಗೇ." ಕೆಳಗೆ ಜಾಗಗಳ ಪಟ್ಟಿ, ನಿಮಿಷ ಸೆಕೆಂಡಿನ ಸಮೇತ. 22ರೊಳಗೆ ಸರಿಹೋಗದಿದ್ದರೆ ಕೆಲಸ ನನ್ನ ಹಳೆಯ ಸ್ಟುಡಿಯೊದ ಯಜಮಾನರಿಗೆ.

ನುಂಗಿದೆಯಂತೆ. ನನಗೆ ಕೇಳಿಸುವುದೇ ಇಲ್ಲ. ಸ್ಪೀಕರುಗಳನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ತಂದೆ. ಮತ್ತೆ ಆಚೆಗೆ. ಸಂಜೆಯೊಳಗೆ ಆರು ಸಲ.

ಯಜಮಾನರು ನಾನು ಬಿಡುವ ದಿನ ಅಂದದ್ದು: "ಮನೇಲಿ ಕೂತು ಮಿಕ್ಸಿಂಗಾ? ಮಾಡಮ್ಮ, ಮಾಡು." ಆ ಎರಡನೇ "ಮಾಡು" ಇನ್ನೂ ಕಿವಿಯಲ್ಲಿದೆ.

ಮಾರ್ಚ್ 9

ಅಕ್ಕನಿಗೆ ಹೇಳಿಬಿಟ್ಟೆ. ಕಬ್ಬಿಣದ ಮಂಚ, ದಪ್ಪ ಹಾಸಿಗೆ, ಅದರಿಂದಲೇ ಶಬ್ದ ಕೆಡುತ್ತಿದೆ, ಎರಡು ವಾರ ಒಳಗಿನ ಸಣ್ಣ ಕೋಣೆಗೆ ಹೋಗು ಎಂದು.

"ಅಲ್ಲಿ ಕಿಟಕಿ ಇಲ್ಲ."

"ಎರಡೇ ವಾರ."

"ಮೂರನೇ ಹಾಡು ಈಗಲೂ ಗುಂಯ್ ಅನ್ನುತ್ತೆ. ನನ್ನನ್ನ ಎಬ್ಬಿಸಿದರೆ ಹೋಗುತ್ತಾ?"

"ನಾನು ಏನು ಮಾಡಿದರೂ ನಿನಗೆ ಕೊಂಕು."

ಅಕ್ಕ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಇಪ್ಪತ್ತೆರಡು ವರ್ಷದ ಸರ್ವಿಸು. ದನಿ ಏರಿಸಲೂ ಇಲ್ಲ. "ಕಿವಿಗೆ ಬಿದ್ದದ್ದು ಹೇಳ್ತೀನಿ. ತೀರ್ಪು ಕೊಡೋದು ನನ್ನ ಕೆಲಸ ಅಲ್ಲ."

ತಮ್ಮನಿಗೆ ಫೋನು ಮಾಡಿದಳು.

ಮಾರ್ಚ್ 10

ತಮ್ಮ ಕಾರು ತಂದ. ಅಕ್ಕನನ್ನೂ ಅವಳ ಹಾಸಿಗೆಯನ್ನೂ ಹೇರಿಕೊಂಡು ಹೊರಟ. "ಸ್ಪೀಕರಿಗೆ ಜಾಗ ಆಯ್ತಲ್ಲ," ಎಂದ. ಅಕ್ಕ ನನ್ನ ಕಡೆ ನೋಡಲಿಲ್ಲ. ವಾಕರ್ ಮರೆತು ಹೋಗಿದ್ದಾಳೆ ಎಂದುಕೊಂಡು ಗೇಟಿನವರೆಗೆ ಓಡಿದೆ. ಮರೆತಿರಲಿಲ್ಲ. ತಮ್ಮನ ಕೈಯಲ್ಲೇ ಇತ್ತು.

ಮಾರ್ಚ್ 11

ಒಂದು ಚಪ್ಪಾಳೆ ತಟ್ಟಿದೆ. ಕೋಣೆ ತಿರುಗಿ ನಾಲ್ಕು ತಟ್ಟಿತು. ಹಾಸಿಗೆ ಇದ್ದಾಗಲೇ ವಾಸಿಯಿತ್ತು.

ಮಾರ್ಚ್ 16, ಭಾನುವಾರ. ಬೆಳಗ್ಗೆ 10

ನಾಲ್ಕು ದಿನ ಬರೆಯಲಿಲ್ಲ. ಸರಿಸುವುದು, ಕೇಳುವುದು, ಸರಿಸುವುದು. ನೆಲದ ಪಟ್ಟಿಗಳ ಅಂಟು ಕಾಲಿಗೆ ಹತ್ತುತ್ತದೆ.

ಇವತ್ತು ಗುಡಿಸುವಾಗ ಮಂಚದ ಕೆಳಗೆ ಅಕ್ಕನ ಪ್ಯಾಡು. ಶೀಘ್ರಲಿಪಿಯಲ್ಲ, ದುಂಡಗಿನ ಅಕ್ಷರ... ನನಗೆ ಕೊಡಲೆಂದೇ ಬರೆದಿರಬೇಕು. "ಮೂರನೇ ಹಾಡು. 1.12: ಗುಂಯ್. 2.05: ಗುಂಯ್, ತಲೆದಿಂಬು ನಡುಗಿತು. 2.40: ಹಾಡುವವಳು ಕೇಳಿಸಲಿಲ್ಲ." ಬೇಸಿನವರ ಪಟ್ಟಿ ಪಕ್ಕಕ್ಕಿಟ್ಟೆ. 1.12. 2.05. 2.40. ಒಂದು ಸೆಕೆಂಡೂ ಆಚೀಚೆ ಇಲ್ಲ.

ಬರಿ ಮಂಚದ ಮೇಲೆ ಅವಳಂತೆ ಗೋಡೆಗೆ ತಲೆಯಿಟ್ಟು ಮಲಗಿದೆ. ಹಾಡು ಹಾಕಿದೆ. ಎದೆಯೊಳಗೇ ಮೊಳಗಿತು.

ಎದ್ದೆ. ಅದೇ ಸ್ವರವನ್ನು ಮತ್ತೆ ಮತ್ತೆ ಬಾರಿಸುತ್ತಾ ಕುರ್ಚಿಯ ಕಡೆ ನಡೆದೆ. ಹೆಜ್ಜೆಗೊಂದಿಷ್ಟು ತೆಳುವಾಯಿತು. ಏಳು ಅಡಿಯಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ.

ತಗ್ಗಿನ ಸ್ವರ ಗೋಡೆಗಳ ಹತ್ತಿರ ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಬತ್ತುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕಲಿತದ್ದು. ಬತ್ತಿದ ಜಾಗದಲ್ಲಿ ಕೂತು, ಸಾಲದು ಸಾಲದು ಎಂದು ಎರಡು ವಾರ ಸುರಿದಿದ್ದೇನೆ. ಅಕ್ಕನ ತಲೆಯ ಮೇಲೆ.

ಮಾರ್ಚ್ 17. ಬೆಳಗ್ಗೆ

ಫೋನು ಮಾಡಿದೆ.

"ಏನು, ಹಾಸಿಗೆ ಬೇಕಾ?"

"ನೀನು ಬೇಕು."

"ನನ್ನ ಕಿವಿ ಬೇಕು ಅನ್ನು."

"ಎರಡೂ. ನೀನು ಹೇಳಿದ್ದು ಸರಿಯಾಗಿತ್ತು, ಅಕ್ಕ. ಕೊಂಕು ಅಂದದ್ದು ತಪ್ಪು."

"ಇಲ್ಲಿ ತಮ್ಮನ ಹೆಂಡತಿ ಬೆಳಗ್ಗೆ ಐದಕ್ಕೇ ಮಿಕ್ಸಿ ಹಾಕ್ತಾಳೆ. ನಿನ್ನ ಬೇಸೇ ಮೇಲು. ಕಾರು ಕಳಿಸು."

ಮಾರ್ಚ್ 20

ಕುರ್ಚಿ ಮುಂದಿನ ಗೋಡೆಯಿಂದ ಐದು ಅಡಿ ನಾಲ್ಕು ಇಂಚಿಗೆ. ಸ್ಪೀಕರುಗಳ ನಡುವೆ ಈಗ ನಾಲ್ಕೇ ಅಡಿ. ದಪ್ಪ ತಂತಿ ಇದೆ, ಇರಬೇಕಾದಷ್ಟೇ ಇದೆ. ಮೂರನೇ ಹಾಡಿನಲ್ಲಿ ನಾನು ಎಷ್ಟು ಏರಿಸಿದ್ದೆ ಎಂದು ನೋಡಿ ನಾಚಿಕೆಯಾಯಿತು. ಒಂಬತ್ತನ್ನೂ ಮೊದಲಿನಿಂದ ಹಿಡಿದಿದ್ದೇನೆ. ಊಟ ನಿಂತುಕೊಂಡೇ. ಅಕ್ಕ ಮಲಗಿದಲ್ಲಿಂದ ಒಂದೊಂದೇ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಮಾರ್ಚ್ 22, ಶನಿವಾರ. ಮಧ್ಯಾಹ್ನ 4.10

ಬೇಸಿನವರು ತಾವೇ ಬಂದಿದ್ದಾರೆ. ಇಮೇಲಿನಲ್ಲಿ ಕಳಿಸುತ್ತೇನೆ ಎಂದರೂ ಕೇಳಲಿಲ್ಲ. "ಮೂರನೇದು ಒಂದೇ ಕೇಳ್ತೀನಿ. ಅದು ಸರಿಯಿಲ್ಲ ಅಂದ್ರೆ ಮುಂದಿನದು ಕೇಳೋದು ಬೇಡ, ರೆಕಾರ್ಡಿಂಗಿನ ಹಾರ್ಡ್ ಡಿಸ್ಕ್ ಕೊಟ್ಟುಬಿಡಿ." ಹೇಳಿ ಮಂಚದ ಅಂಚಿನಲ್ಲೇ ಕೂತರು.

"ಸರ್, ಈ ಜಾಗದಿಂದ ನಾನು ಇವಳ ಜೊತೆ ವಾರಗಟ್ಟಲೆ ಜಗಳ ಆಡಿದೀನಿ," ಎಂದಳು ಅಕ್ಕ. "ನೀವು ಮುಂದೆ ಹೋಗಿ."

ಕುರ್ಚಿಗೆ ಬಂದರು. ನನಗಿಂತ ಗೇಣು ಎತ್ತರ. ಕಿವಿ ಸ್ಪೀಕರಿಗಿಂತ ಮೇಲೆ ಹೋಯಿತು. ಲಿವರ್ ಒತ್ತಿ ಕುರ್ಚಿ ಇಳಿಸಿದೆ. ಮೊಣಕಾಲು ಎದೆಗೆ ಬಂತು.

ಹಾಡು ಹಾಕಿ ಅಡುಗೆಮನೆಗೆ ಬಂದುಬಿಟ್ಟೆ. ಅವರ ಬೆನ್ನು ನೋಡುತ್ತಾ ನಿಲ್ಲಲಾರೆ. ಇಲ್ಲಿ ಬಾಗಿಲಾಚೆಯಿಂದ ಏನೂ ತಿಳಿಯದು — ಎಲ್ಲ ಕಲಸಿ ಬರುತ್ತದೆ. ಈಗ ಎರಡನೇ ನಿಮಿಷ ಇರಬೇಕು.

ಮುಗಿಯಿತು.

ಕುರ್ಚಿ ಕಿರ್ರೆಂದಿತು. ಎದ್ದರೇನೋ... ಡಿಸ್ಕು ಮೇಜಿನ ಮೇಲೇ ಇದೆ. ನನ್ನನ್ನು ಕರೆಯದೆಯೂ ತೆಗೆದುಕೊಂಡು ಹೋಗಬಹುದು.

ಅಕ್ಕನ ದನಿ: "ಎಲ್ಲಿದೀಯೇ? ನಾಲ್ಕನೇದು ಹಾಕಬೇಕಂತೆ, ಬಾ."

ಇಷ್ಟು ಬರೆದು ಓಡುತ್ತಿದ್ದೇನೆ.