ಅಳಿಸುವ ಹಕ್ಕು ಕೊಡಲಿಲ್ಲ

ಹೊಸಕಂಪ್ಲಿ, ಫೆಬ್ರುವರಿ ಮೂವತ್ತು, ೨೩೧೯

ನಮಗಿಂತ ಮುನ್ನೂರು ವರ್ಷ ಹಿಂದಿರುವವರಿಗೆ,

ನಿಮ್ಮ ಫೆಬ್ರುವರಿಯಲ್ಲಿ ಮೂವತ್ತನೇ ತಾರೀಖು ಇರಲಿಲ್ಲವೆಂದು ಕೇಳಿದ್ದೇನೆ. ನಮ್ಮದರಲ್ಲಿದೆ. ನನ್ನ ಕೆಲವು ಮಾತುಗಳೂ ನಿಮಗೆ ಹಾಗೆಯೇ ವಿಚಿತ್ರವಾಗಿ ಕಾಣಬಹುದು, ಮನ್ನಿಸಬೇಕು.

ನಾನು ಈ ಊರಿನ ಅನುಮತಿಗಾರ್ತಿ. ಊರಿನ ಡೇಟಾಬೇಸಿನಲ್ಲಿ ಓದುವ, ಸೇರಿಸುವ, ತಿದ್ದುವ ಹಕ್ಕುಗಳನ್ನು ಕೊಡುವವಳು, ಕಿತ್ತುಕೊಳ್ಳುವವಳು. ಇಲ್ಲಿ ನಲ್ಲಿಗೆ ಕೈಯೊಡ್ಡಿದರೆ ಅದು ಮೊದಲು 'ಜನ' ಎಂಬ ಕೋಷ್ಟಕವನ್ನು ಕೇಳುತ್ತದೆ, ಹೆಸರಿದ್ದರೆ ನೀರು. ಆಸ್ಪತ್ರೆಯ ಹಾಸಿಗೆ, ಮಗುವಿನ ಶಾಲೆ, ಜೋಳದ ಪಾಲು, ಎಲ್ಲ ಕೋಷ್ಟಕಗಳೂ ಆ ಒಂದಕ್ಕೇ ಗಂಟು ಹಾಕಿಕೊಂಡಿವೆ. ಅಲ್ಲಿಂದ ಹೆಸರು ಹೋದರೆ ಮನುಷ್ಯ ಬದುಕಿದ್ದೂ ಇಲ್ಲದಂತೆ. ಅದಕ್ಕೇ ಅಳಿಸುವ ಹಕ್ಕನ್ನು ನಾವು ಯಾರಿಗೂ ಖಾಯಂ ಆಗಿ ಕೊಡುವುದಿಲ್ಲ. ಸಾವಾದ ಮನೆಯವರಿಗೆ, ಆ ಒಂದೇ ಹೆಸರಿಗೆ ಕೊಡುತ್ತೇವೆ. ಮಣ್ಣು ಮಾಡಿ ಬಂದು ಅವರು ಸ್ನಾನ ಮಾಡುವುದರೊಳಗೆ ಹಿಂದಕ್ಕೆ ಪಡೆಯುತ್ತೇವೆ. ಇದಕ್ಕೆ ಮಣ್ಣಿನ ಹಕ್ಕು ಎನ್ನುತ್ತೇವೆ.

ಇವತ್ತು ಊರಿನ ಅಧ್ಯಕ್ಷ ಪಂಪಣ್ಣ ಬಂದು ಆ ಹಕ್ಕನ್ನು ತನಗೆ ಖಾಯಂ ಕೊಡು ಎಂದ. ಸಮುದ್ರ ನುಂಗಿದ ಊರುಗಳಿಂದ ಬಂದು ನಮ್ಮಲ್ಲಿ ನೆಲೆಸಿದವರನ್ನು ಕಂಡರೆ ಅವನಿಗಾಗದು. ಅವರ ಹೆಸರುಗಳನ್ನು ಅಳಿಸಬೇಕಂತೆ. ನನ್ನ ಮಗಳಿಗೆ ಎದೆಹಾಲು ಕೊಟ್ಟು ಉಳಿಸಿದ ಸುಗಂಧಿಯೂ ಅವರಲ್ಲೊಬ್ಬಳು.

"ಕೊಡಂಗಿಲ್ಲ ಅಂದ್ರ ನಾಳೆ ನಿನ್ನ ಕುರ್ಚಿಗೆ ನಮ್ಮ ಅಳಿಯ ಬರ್ತಾನ," ಎಂದು ಗುಡುಗಿದ.

"ಕುರ್ಚಿ ಒಯ್ಯೋ ಪಂಪಣ್ಣ, ಹಕ್ಕು ಸಿಗಂಗಿಲ್ಲ," ಎಂದೆ.

ಪಾಪ, ಅವನಿಗೆ ಹಕ್ಕುಗಳು ನಡೆಯುವ ರೀತಿಯೇ ಗೊತ್ತಿಲ್ಲ. ಕೊಟ್ಟವರ ಹಕ್ಕು ಹೋದರೆ ಅವರಿಂದ ಪಡೆದವರದ್ದೂ ಹೋಗುತ್ತದೆ. ನಲ್ಲಿಗಳಿಗೆ ಓದುವ ಹಕ್ಕು ಕೊಟ್ಟದ್ದು ಊರ ಮಹಾಸಭೆ. ಅವು ನೀರು ಬಿಡುತ್ತಲೇ ಇರುತ್ತವೆ. ತಿದ್ದುವ, ಅಳಿಸುವ ಹಕ್ಕುಗಳೆಲ್ಲ, ಪಂಪಣ್ಣನ ತಿದ್ದುವ ಹಕ್ಕೂ ಸೇರಿ, ನಾನು ಕೊಟ್ಟವು. ನನ್ನದನ್ನು ನಾನೇ ರದ್ದು ಮಾಡಿದರೆ ಅಳಿಯನಿಗೆ ಸಿಗುವುದು ಬರೀ ಕುರ್ಚಿ. ಮತ್ತೆ ಕೊಡಬೇಕೆಂದರೆ ಇಡೀ ಊರು ಕೂಡಿ ಕೈಯೆತ್ತಬೇಕು, ಸುಗಂಧಿಯೂ ಎತ್ತಬೇಕು.

ನಿಮ್ಮಲ್ಲೂ ನನ್ನ ಕೆಲಸ ಮಾಡುವವರು ಇದ್ದಾರಂತೆ. ತಲೆನೋವು ಬೇಡವೆಂದು, ಸಾಹೇಬರು ಕೇಳಿದರೆಂದು, ಕೇಳಿದವರಿಗೆಲ್ಲ ಎಲ್ಲ ಹಕ್ಕೂ ಕೊಟ್ಟುಬಿಡುತ್ತೀರೆಂದು ಓದಿದ್ದೇನೆ. ಕೊಡಬೇಡಿ. ಬೈಸಿಕೊಳ್ಳಿ, ಆದರೂ ಕೊಡಬೇಡಿ.

ಈಗಷ್ಟೇ ರದ್ದು ಮಾಡಿದೆ. 'ನಿಮಗೆ ಅನುಮತಿ ಇಲ್ಲ' ಎಂದು ತೆರೆಯ ಮೇಲೆ ಬಂದಿದೆ. ಆ ಮಾತನ್ನು ಊರಿಗೆಲ್ಲ ಹೇಳಿದವಳು ನಾನು. ನನಗೇ ಹೇಳಿಸಿಕೊಂಡದ್ದು ಇದೇ ಮೊದಲು, ನಗು ತಡೆಯಲಾಗುತ್ತಿಲ್ಲ. ಬರಲಿ ಪಂಪಣ್ಣ.

ನೀಲಗಂಗಾ ಕುರುಗೋಡು
ಮಾಜಿ ಅನುಮತಿಗಾರ್ತಿ