ಮುನೆಮ್ಮನ ಕೊರಳಿಗೆ ಏಳು ಸುತ್ತು

ಕ್ರಿ.ಶ. ೨೩೯೧, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ಶತಮಾನಗಳ ಹಿಂದೆ ಕ್ಷ-ಕಿರಣ ಯಂತ್ರಗಳ ಮುಂದೆ ಕುಳಿತಿರುವ ಹಿರಿಯರಿಗೆ ಸಂಪಂಗಿಯ ನಮಸ್ಕಾರಗಳು. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಹಳೆಯ ಕಡತಗಳನ್ನು ಓದಿ ಕಲಿತದ್ದು.

ನೀವೀಗ ಕಟ್ಟುತ್ತಿರುವ ವೇಗದ ಯಂತ್ರಕ್ಕೆ ನಾವು ಬಳೆ ಎನ್ನುತ್ತೇವೆ. ಅದು ಮೈಯ ಸುತ್ತ ಗಿರ್ರನೆ ತಿರುಗಿ ಸೆಕೆಂಡಿಗೆ ಸಾವಿರ ಸಲ ಒಳಗಿನದೆಲ್ಲದರ ಚಿತ್ರ ತೆಗೆಯುತ್ತದೆ. ಪಾತ್ರೆಯಲ್ಲಿ ಹಿಟ್ಟು ಉಬ್ಬುವುದು, ಮುದ್ದೆ ಗಂಟಲಿಳಿಯುವುದು, ಎಲ್ಲವೂ ಕಾಣುತ್ತದೆ. ಸಂಬಂಧ ನೋಡಲು ಬಂದವರು ಜಾತಕ ಕೇಳುವುದಿಲ್ಲ, ಗುಂಡಿಗೆ ಬಡಿಯುವ ಚಿತ್ರ ಕೇಳುತ್ತಾರೆ. ಕವಾಟ ಸೋರಿದರೆ ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. ಇಲ್ಲಿನ ಬಳೆಮನೆಯಲ್ಲಿ ಯಂತ್ರ ನಡೆಸುವವಳು ನಾನು. ಚಿತ್ರದಲ್ಲಿ ನಡುಕ ಕಂಡರೆ ನಡೆಸಿದವರಿಗೆ ಅವಮಾನ. ಅಳಿಸಿ ಮತ್ತೊಂದು ಸುತ್ತು ತೆಗೆಯಬೇಕೆಂಬುದು ನಮ್ಮ ಕಟ್ಟಳೆ. ನನ್ನ ಹೆಸರಿನಲ್ಲಿ ಒಂದೂ ನಡುಕವಿರಲಿಲ್ಲ. ಆ ಜಂಬ ನನಗಿತ್ತು.

ಮದುವೆಯ ಸೋಬಾನೆ ಹಾಡು ಬಲ್ಲವಳು ಲೋಕದಲ್ಲಿ ಒಬ್ಬಳೇ ಉಳಿದಿದ್ದಳು, ನನ್ನ ಅವ್ವ ಮುನೆಮ್ಮ. ಹಾಡು ಅವಳೊಂದಿಗೇ ಮಣ್ಣಾಗಬಾರದೆಂದು ಅವಳನ್ನು ಬಳೆಯೊಳಗೆ ಕೂರಿಸಿದೆ. ಕೊರಳ ತಂತುಗಳ ಅಲುಗಾಟ ಸಿಕ್ಕರೆ ಅದರಿಂದಲೇ ದನಿಯನ್ನು ಮತ್ತೆ ಕಟ್ಟಬಹುದು. ಹಾಗಾಗಿ ದನಿ ಹಿಡಿಯುವ ಯಂತ್ರಗಳನ್ನು ನಾವು ಎಂದೋ ಗುಜರಿಗೆ ಹಾಕಿದ್ದೆವು. ಬಳೆಯ ಗದ್ದಲಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡು ಪರದೆಯನ್ನಷ್ಟೇ ನೋಡುವುದು ನಮ್ಮ ರೂಢಿ.

ಮೊದಲ ಸುತ್ತಿನಲ್ಲಿ ನಡುಕ. ಅಳಿಸಿದೆ. ಎರಡನೆಯದರಲ್ಲೂ ನಡುಕ. ಎರಡಕ್ಕಿಂತ ಹೆಚ್ಚು ಸುತ್ತಿನ ಕಿರಣವನ್ನು ಯಾವ ಕೊರಳೂ ತಾಳದೆಂದು ಗೋಡೆಯ ಮೇಲೆ ಬರೆದಿತ್ತು. ಬರೆಸಿದವಳು ನಾನೇ. ಐದನೆಯದು ಮುಗಿದು ಬಳೆಯ ಗದ್ದಲ ನಿಂತಾಗ ಅವ್ವ, "ಸಾಕು ಕಣವ್ವಾ, ಗಂಟ್ಲು ಉರೀತೈತೆ," ಅಂದದ್ದು ಹತ್ತಿಯ ನಡುವೆಯೂ ಕೇಳಿಸಿತು. ಅಲುಗಾಡದೆ ಕೂರೆಂದು ಗದರಿದೆ. ಏಳನೆಯದು ಕನ್ನಡಿಯಂತೆ ಬಂತು. ನನಗೆ ಪದಕ ಸಿಕ್ಕಿತು. ಅವ್ವನ ದನಿ ತಿಂಗಳೊಳಗೆ ಹೋಯಿತು. ಆಮೇಲೆ ಅನ್ನ ಇಳಿಯದಾಯಿತು, ಆಮೇಲೆ ನೀರು.

ತಿಥಿಯ ದಿನ ಆ ಚಿತ್ರದಿಂದ ದನಿ ಕಟ್ಟಿ ನೆಂಟರಿಗೆ ಕೇಳಿಸಿದೆ. ಬರೀ ಉಸಿರು ಬಂತು. ಏಳನೆಯ ಸುತ್ತಿನಲ್ಲಿ ಅವ್ವ ಹಾಡಿರಲೇ ಇಲ್ಲ, ನನಗೆ ಹೆದರಿ ಬಾಯಿ ಮಾತ್ರ ತೆರೆದಿದ್ದಳು. ನಾನು ಆರು ಸಲ ಅಳಿಸಿದ ನಡುಕವೇ ಅವಳ ಹಾಡಾಗಿತ್ತು. ಪಾಪಿ ನಾನು, ಒಂದು ಸಲವೂ ಕಿವಿಯ ಹತ್ತಿ ತೆಗೆಯಲಿಲ್ಲ.

ಯಂತ್ರ ಕಟ್ಟಬೇಡಿ ಎನ್ನುವುದಿಲ್ಲ, ನೀವು ಕಟ್ಟಿಯೇ ಕಟ್ಟುತ್ತೀರಿ. ನಿಮ್ಮಲ್ಲಿ ಸೋಬಾನೆಯವರು ಇನ್ನೂ ಇದ್ದಾರಂತೆ. ಯಾರಾದರೂ ಒಬ್ಬರ ಹಾಡನ್ನು ಹಿಡಿದು ನಮಗಾಗಿ ಎಲ್ಲಾದರೂ ಇಟ್ಟುಬಿಡಿ, ಕೈಮುಗಿಯುತ್ತೇನೆ. ಮುಂದಿನ ವಾರ ನನ್ನ ಮಗಳ ಮದುವೆ. ಚಪ್ಪರದಲ್ಲಿ ಆ ಉಸಿರನ್ನೇ ಕೇಳಿಸುವುದೆಂದು ಬಳೆಮನೆಯವರು ಗೊತ್ತುಮಾಡಿದ್ದಾರೆ. ಪದಕ ಬಂದ ಚಿತ್ರವಲ್ಲವೇ.