ತಕ್ಕಡಿ ಅಂಗಡಿಯ ಫ್ರೆಂಚ್ ಪಾಠ

ಹನ್ನೊಂದನೇ ತಾರೀಖು, ಮಂಗಳವಾರ
ಅಂಗಡಿಯಿಂದ

ಚಿರಂಜೀವಿ ಬಟ್ಟುಗೆ,

ತಾತನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಯಾರೂ ಕ್ಷೇಮವಾಗಿಲ್ಲ. ನಿಮ್ಮಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ನಾನು ಅವನ ಹತ್ತಿರ ಬಿಟ್ಟಿದ್ದೇನೆ, ನಿಮ್ಮಮ್ಮ ಇಬ್ಬರ ನಡುವೆ ಅಂಚೆಯವಳಾಗಿದ್ದಾಳೆ. ನೀನು ಸೋದರತ್ತೆ ಮನೆಗೆ ಹೋಗಿ ಮೂರು ವಾರವಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು. ಫೋನ್ ಮಾಡಬಹುದಿತ್ತು, ಆದರೆ ಅದು ಕೈಗೆ ಬಂದರೆ ನನಗೆ ಕೂಗುವುದೊಂದೇ ಗೊತ್ತು. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವನ ಅಕ್ಷರ, ಸಹಿಸಿಕೊಂಡು ಓದು.

ಮೊದಲು ನಿನ್ನ ಮೇಲಿನ ಸಿಟ್ಟು. ನಿನ್ನೆ ಅತ್ತೆ ಫೋನ್ ಮಾಡಿದ್ದಳು. "ಅಪ್ಪಾ, ಇಪ್ಪತ್ತೊಂಬತ್ತಕ್ಕೆ ಮರುಪರೀಕ್ಷೆ. ಇವಳು ಬರೆಯಲ್ವಂತೆ. ಫ್ರೆಂಚ್ ಪುಸ್ತಕಾನ ಮಂಚದ ಕೆಳಗೆ ತಳ್ಳಿದಾಳೆ" ಅಂದಳು. ಏನೇ, ತಲೆ ನೆಟ್ಟಗಿದೆಯಾ? ಐದು ವಿಷಯ ಪಾಸು ಮಾಡಿ, ಒಂದರಲ್ಲಿ ನಾಲ್ಕು ಅಂಕಕ್ಕೆ ಬಿದ್ದಿದ್ದಕ್ಕೆ ಇಷ್ಟು ಸೊಕ್ಕಾ? ಇದನ್ನು ಬರೆಯದಿದ್ದರೆ ದುಭಾಷಿ ಕೋರ್ಸಿನ ಸೀಟು ಹೋಯಿತು ಅಂತಲೇ ಅರ್ಥ. "ಇಬ್ಬರು ಜಗಳ ಆಡುವಾಗ ಮಧ್ಯೆ ಕೂತು ಇಬ್ಬರಿಗೂ ಅರ್ಥ ಮಾಡಿಸ್ತೀನಿ ತಾತ" ಅಂತಿದ್ದೆಯಲ್ಲ. ಮನೆಯಲ್ಲಿ ಈಗ ಅದೇ ಬೇಕಾಗಿದೆ, ನೀನು ನೋಡಿದರೆ ಬಾಗಿಲು ಹಾಕಿಕೊಂಡು ಕೂತಿದ್ದೀಯ.

ಇನ್ನು ನಿಮ್ಮಪ್ಪ. ಅವನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವುದಕ್ಕೆ ಜನ ಬೇಕಂತೆ. "ದಡ್ಡಿಗೆ ಅದೇ ಸರಿಯಾದ ಕೆಲಸ" ಅಂದ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಬೀದಿಗೆ ಇಳಿದಿದ್ದ. ನೀನೇನು ದಡ್ಡಿಯಾ? ಫ್ರೆಂಚಿನ ಆ 'ಹೋಗು' ಕ್ರಿಯಾಪದದ ಪಾಠ ನೀನು ನನಗೆ ಬಿಡಿಸಿ ಹೇಳಿದ್ದು ನೆನಪಿದೆಯಾ? "ಇನ್ನೇನು ಮಾಡೋಕೆ ಹೊರಟಿದ್ದೀವೋ ಅದನ್ನ ಹೇಳೋದು ತಾತ. ಹೋಗು ಅನ್ನೋದನ್ನ ಮುಂದೆ ಇಡ್ತಾರೆ, ಕೆಲಸಾನ ಹಿಂದೆ." ಇದೇನು ದೊಡ್ಡ ವಿದ್ಯೆ, ನಿಮ್ಮಪ್ಪ ಹತ್ತು ವರ್ಷದಿಂದ ಬಚ್ಚಲ ಬಾಗಿಲು ರಿಪೇರಿ ಮಾಡೋಕೆ ಹೊರಟಿದ್ದಾನೆ ಅಂದಿದ್ದೆ. ನೀನು ನಕ್ಕು ನಕ್ಕು ಸ್ಟೂಲಿನಿಂದ ಬಿದ್ದಿದ್ದೆ.

ಅಷ್ಟು ಚೆನ್ನಾಗಿ ಬಿಡಿಸಿ ಹೇಳಿದವಳು ಹೇಗೆ ಬಿದ್ದಳು ಅಂತ ಕೇಳೋಕೆ ಹೋದ ವಾರ ನಿನ್ನ ಸ್ಕೂಲಿಗೆ ಹೋದೆ. ಹೌದು, ನಿನ್ನನ್ನು ಕೇಳದೆ. ನಿನ್ನ ಫ್ರೆಂಚ್ ಮೇಡಂ "ಕೂತ್ಕೊಳ್ಳಿ ಅಜ್ಜಾ" ಅಂದರು. ಕೂರೋಕೆ ಬಂದಿಲ್ಲ, ನನ್ನ ಮೊಮ್ಮಗಳನ್ನ ಯಾಕೆ ಬೀಳಿಸಿದ್ರಿ ಹೇಳಿ ಅಂದೆ. ಆಯಮ್ಮ ನಿನ್ನ ಉತ್ತರಪತ್ರಿಕೆ ತೆಗೆದು ಮುಂದಿಟ್ಟರು. ಬರೀ ಕೆಂಪು. "ಹೋಗು ಅನ್ನೋದು ನಾನು, ನೀನು, ಅವನು ಅಂತ ಆರು ಸಾಲಾಗಿ ತಿರುಗುತ್ತೆ, ಅದರಲ್ಲಿ ನಾಲ್ಕು ಸರಿ. ನಾವು, ನೀವು ಅನ್ನೋ ಎರಡು ತಪ್ಪು. ಅದೇ ತಪ್ಪು ಪೇಪರ್ ತುಂಬ ಹತ್ತೊಂಬತ್ತು ಕಡೆ ಇದೆ. ಓದದೇ ಇರೋರು ಒಂದೊಂದು ಕಡೆ ಒಂದೊಂದು ಥರ ಬರೀತಾರೆ. ಇವಳು ಚೆನ್ನಾಗಿ ಓದಿದಾಳೆ, ಆದರೆ ತಪ್ಪನ್ನೇ ಓದಿದಾಳೆ. ಮನೇಲಿ ಪಾಠ ಯಾರಿಗೆ ಒಪ್ಪಿಸ್ತಿದ್ಲು?" ಅಂದರು.

ನನಗೆ ಉರಿದುಹೋಯಿತು. ಕಲಿಸೋದು ನಿಮ್ಮ ಕೆಲಸ, ಮನೆಯವರ ಮೇಲೆ ಯಾಕೆ ಹಾಕ್ತೀರಿ ಅಂತ ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನ ಮಕ್ಕಳು ಇನ್‌ಸ್ಪೆಕ್ಟರ್ ಬಂದನೆಂದು ಎದ್ದು ನಿಂತವಂತೆ. ಆಯಮ್ಮ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ. ಗಟ್ಟಿ ಹೆಂಗಸು.

ಅಂಗಡಿ ಸಮಾಚಾರ: ಮೂಲೆ ಅಂಗಡಿಯವನು ತಕ್ಕಡಿ ತಂದಿದ್ದ. ಮುಳ್ಳು ಒಂದು ಕಡೆಗೇ ವಾಲುತ್ತದೆ, ಸರಿ ಮಾಡಿಕೊಡಿ ಅಂದ. ನೋಡಿದರೆ ತಕ್ಕಡಿ ಸರಿಯಾಗಿಯೇ ಇದೆ. ಇವನೇ ತಟ್ಟೆಯ ಅಡಿಯಲ್ಲಿ ಬೆರಳು ಕೊಟ್ಟು ತೂಗಿ ಅಭ್ಯಾಸ. "ನಿನ್ನ ಬೆರಳಿಗೆ ನನ್ನ ಹತ್ತಿರ ರಿಪೇರಿ ಇಲ್ಲ, ಹೋಗಯ್ಯಾ" ಅಂತ ಓಡಿಸಿದೆ. ಓಡಿಸಿದ ಮೇಲೆ ಮಧ್ಯಾಹ್ನವೆಲ್ಲ ಅರ ಹಿಡಿದು ಕಬ್ಬಿಣ ಉಜ್ಜಲಾಗಲಿಲ್ಲ. ಕದ ಎಳೆದುಕೊಂಡು ಮತ್ತೆ ನಿನ್ನ ಮೇಡಂ ಹತ್ತಿರ ಹೋದೆ. ಈ ಸಲ ಕೂತೆ.

ಆ ಆರು ಸಾಲನ್ನು ಅವರು ಕನ್ನಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದುಕೊಟ್ಟಿದ್ದಾರೆ. ದೊಡ್ಡ ತಕ್ಕಡಿಯ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದೇನೆ. ಜ ವೆ ಪಾರ್ತಿರ್, ನಾನು ಹೊರಡಲಿದ್ದೇನೆ. ನಾವು ಅನ್ನೋದಕ್ಕೆ ನೀನು 'ನು ವಾ' ಅನ್ನುತ್ತಿದ್ದೆಯಲ್ಲ, ಅದು 'ನು ಜಾಲೋ'. ನೀವು ಅನ್ನೋದು 'ವು ವಾ' ಅಲ್ಲ, 'ವು ಜಾಲೆ'. ನಾಲಿಗೆ ತಿರುಗುವುದಿಲ್ಲ, ಹಲ್ಲುಸೆಟ್ಟು ಜಾರುತ್ತದೆ. ಬಂದ ಗಿರಾಕಿಗಳು "ಯಜಮಾನರಿಗೆ ಏನೋ ಮೆಟ್ಟಿಕೊಂಡಿದೆ" ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ.

ಭಾನುವಾರ ಸಂಜೆ ಐದಕ್ಕೆ ನೀನೇ ಫೋನ್ ಮಾಡು. ಆರೂ ಸಾಲು ಒಪ್ಪಿಸು. ಮಂಚದ ಕೆಳಗಿನ ಧೂಳು ಕೊಡವಿ ಪುಸ್ತಕ ಹೊರಗೆ ತೆಗೆ. ಹೊಟ್ಟೆ ತುಂಬ ಉಣ್ಣು, ಅತ್ತೆಗೆ ಎದುರುತ್ತರ ಕೊಡಬೇಡ. ದೇವರು ನಿನಗೆ ನಿಮ್ಮಮ್ಮನ ತಾಳ್ಮೆ ಕೊಡಲಿ, ನನ್ನದು ಬೇಡ.

ಇಂತಿ ನಿನ್ನ
ತಾತ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯುವುದಕ್ಕೆ ಧೈರ್ಯ ಬರಲಿಲ್ಲ. ಚಳಿಗಾಲವಿಡೀ ನೀನು ಸ್ಟೂಲಿನ ಮೇಲೆ ಕೂತು ಒಪ್ಪಿಸುತ್ತಿದ್ದೆ, ನಾನು ಪುಸ್ತಕ ಹಿಡಿದು ಸರಿ, ಸರಿ, ಮುಂದೆ ಅನ್ನುತ್ತಿದ್ದೆ. ಬಟ್ಟು, ಆ ಪುಸ್ತಕದ ಒಂದು ಅಕ್ಷರವೂ ನನಗೆ ಬರುವುದಿಲ್ಲ. ಚಿತ್ರ ನೋಡಿ ಪುಟ ತಿರುಗಿಸುತ್ತಿದ್ದೆ. ಮೊಮ್ಮಗಳು ಕೇಳಿದಾಗ ಬರಲ್ಲ ಅನ್ನುವುದಕ್ಕೆ ನಾಚಿಕೆಯಾಯಿತು. ಒಂದು ದಿನ ನೀನು ನಿಲ್ಲಿಸಿ, "ತಾತ, ನಾವು ಅನ್ನೋ ಸಾಲು ನಿಜವಾಗ್ಲೂ ಸರಿನಾ? ನನಗ್ಯಾಕೋ ಅನುಮಾನ" ಅಂದೆ. "ಪುಸ್ತಕ ನನ್ನ ಕೈಲಿದೆಯೋ ನಿನ್ನ ಕೈಲಿದೆಯೋ?" ಅಂತ ಗದರಿಸಿದೆ. ಆವತ್ತಿನಿಂದ ನೀನು ಕೇಳಲಿಲ್ಲ. ನಿನ್ನ ಮುಳ್ಳು ಸರಿಯಾಗಿಯೇ ಅಲ್ಲಾಡಿತ್ತು. ತಟ್ಟೆಯ ಅಡಿಯಲ್ಲಿ ಬೆರಳು ಇಟ್ಟವನು ನಾನು.

ನಿಮ್ಮಪ್ಪ ನಿನ್ನನ್ನು ದಡ್ಡಿ ಅಂದಾಗಲೂ ಬಾಯಿ ಬಿಡಲಿಲ್ಲ, ಚಪ್ಪಲಿ ಹುಡುಕಿದೆ. ಈ ಪತ್ರವನ್ನು ಅಂಚೆ ಡಬ್ಬಕ್ಕೆ ಹಾಕಿ ನೇರ ಅವನ ಅಂಗಡಿಗೆ ಹೊರಟಿದ್ದೇನೆ, ತಪ್ಪು ನನ್ನದು ಅಂತ ಹೇಳುವುದಕ್ಕೆ.